ರೈಲು ಹೋದ ದಾರಿ, ನೀರು ಹರಿಯುವ ದಾರಿ

ಮಂಡ್ಯದಲ್ಲಿ ಸೈಕಲ್ ಗೆಳೆಯರು ಸೇರಿದ್ದ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಓದುವವರ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನು ಕೇಳಿದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಸೈಕಲ್ ಕಲಿತದ್ದು ನಾಲೆ ಏರಿಯ ಮೇಲೆ. ಎಂಟನೇ ಕ್ಲಾಸಿಗೆ ಬಂದಾಗ ಸರ್ಕಾರದ ಸೈಕಲ್ ಸಿಕ್ಕಿತು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ ತುಳಿದವರು ಇಲ್ಲಿ ಬಹಳ ಜನ ಇದ್ದೀರಿ, ಅಲ್ವಾ? ನಮ್ಮೂರಿಂದ ಹೈಸ್ಕೂಲಿಗೆ ಎರಡು ದಾರಿ ಇತ್ತು. ಒಂದು ಟಾರು ರೋಡು. ಅಲ್ಲಿ ಬಸ್ಸು, ಟಿಪ್ಪರು, ಕಬ್ಬಿನ ಲಾರಿ. ಇನ್ನೊಂದು ವಿಶ್ವೇಶ್ವರಯ್ಯ ನಾಲೆಯ ಏರಿ. ಅದು ಸ್ವಲ್ಪ ಸುತ್ತು. ಮಣ್ಣು, ಜಲ್ಲಿ, ಮಳೆ ಬಂದರೆ ಕೆಸರು. ಅಪ್ಪ ಸೈಕಲ್ಲಿಗೆ ಪೂಜೆ ಮಾಡಿಸಿ ಹೇಳಿದ್ದು ಒಂದೇ ಮಾತು. "ಏರಿ ಮೇಲೇ ಹೋಗವ್ವ, ರೋಡಿಗೆ ಬರಬ್ಯಾಡ."

ಮೂರು ವರ್ಷ ಆ ಏರಿಯ ಮೇಲೇ ಹೋದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ಬಯಲು. ನಾಟಿ ಕಾಲದಲ್ಲಿ ಬೆಳ್ಳಕ್ಕಿ, ಸುಗ್ಗಿಯಲ್ಲಿ ಆಲೆಮನೆಯ ಹೊಗೆ. ಎದುರಿಗೆ ಎತ್ತಿನ ಗಾಡಿ ಬಂದರೆ ಇಳಿದು ನಿಲ್ಲುತ್ತಿದ್ದೆವು. ಹಿಂದಿನಿಂದ ಹಾರನ್ ಕೇಳಿಸುತ್ತಿರಲಿಲ್ಲ. ಗೆಳತಿಯರು ಮೂವರು ಅಕ್ಕಪಕ್ಕದಲ್ಲೇ ಮಾತಾಡಿಕೊಂಡು ತುಳಿಯುತ್ತಿದ್ದೆವು. ಟಾರು ರೋಡಿನಲ್ಲಿ ಸೈಕಲ್ಲಿನವರು ಅಕ್ಕಪಕ್ಕ ಮಾತಾಡಿಕೊಂಡು ಹೋಗುವುದನ್ನು ನೀವು ಕೊನೆಯ ಸಲ ಯಾವಾಗ ನೋಡಿದಿರಿ?

ಇವತ್ತು ನಾನು ಹೇಳಬೇಕಾಗಿರುವುದು ಇನ್ನೊಂದು ದೇಶದ ದಾರಿಯ ಕಥೆ. ಅಲ್ಲಿ ಸೈಕಲ್ ಹತ್ತಿದ ಮೊದಲ ದಿನವೇ ನನಗೆ ಈ ಏರಿ ನೆನಪಾಯಿತು. ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಓದಲು ನಾನು ಜರ್ಮನಿಯ ಆಖೆನ್ ಎಂಬ ಊರಿಗೆ ಹೋದೆ. ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮೂರೂ ಕೂಡುವ ಮೂಲೆ ಅದು. ನಮ್ಮ ದೇಶದ ವಿದ್ಯಾರ್ಥಿಗಳು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದು ಹಳೆಯ ಸೈಕಲ್ ಕೊಂಡೆ. ಊರ ಪೂರ್ವ ಭಾಗದಲ್ಲಿ ರೋಟೆ ಎರ್ಡೆ ಅಂತ ಒಂದು ರೈಲು ನಿಲ್ದಾಣ ಇದೆ. ಅದರ ಹತ್ತಿರದಿಂದ ಒಂದು ಸೈಕಲ್ ದಾರಿ ಹೊರಡುತ್ತದೆ. ಹೆಸರು ಫೆನ್‌ಬಾನ್. ಉದ್ದ 125 ಕಿಲೋಮೀಟರ್. ಜರ್ಮನಿಯಲ್ಲಿ ಹೊರಟು, ಬೆಲ್ಜಿಯಂ ದಾಟಿ, ಲಕ್ಸೆಂಬರ್ಗಿನ ತ್ರುವಾವಿಯೆರ್ಜ್ ಎಂಬ ಸಣ್ಣ ಊರಿನಲ್ಲಿ ಮುಗಿಯುತ್ತದೆ. ಬಹುಪಾಲು ದಾರಿಯಲ್ಲಿ ಕಾರಿಲ್ಲ, ಬೈಕಿಲ್ಲ, ಲಾರಿಯಿಲ್ಲ. ಅಲ್ಲಲ್ಲಿ ಒಂದು ರಸ್ತೆ ಅಡ್ಡ ಬರುತ್ತದೆ. ಅಲ್ಲಿ ನಿಂತು, ನೋಡಿ, ದಾಟಿದರೆ ಮತ್ತೆ ನಿಮ್ಮದೇ ದಾರಿ.

ಈ ದಾರಿಯನ್ನು ಯಾರೂ ಸೈಕಲ್ಲಿಗೆ ಅಂತ ಮಾಡಿದ್ದಲ್ಲ. ಅದು ರೈಲಿನ ದಾರಿ. 1880ರ ದಶಕದಲ್ಲಿ, ಆಗಿನ ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯಾದ ಸರ್ಕಾರ ಹಾಕಿಸಿದ್ದು. ಆಖೆನ್ ಸುತ್ತ ಕಲ್ಲಿದ್ದಲು ಇತ್ತು. ದಕ್ಷಿಣಕ್ಕೆ ಲಕ್ಸೆಂಬರ್ಗ್ ಕಡೆ ಕಬ್ಬಿಣದ ಅದಿರು ಇತ್ತು. ಕಲ್ಲಿದ್ದಲು ಆ ಕಡೆಗೆ ಹೋಗಬೇಕು, ಅದಿರು ಈ ಕಡೆಗೆ ಬರಬೇಕು. ನಡುವೆ ಫೆನ್ ಎಂಬ ಎತ್ತರದ ಜೌಗು ಬಯಲು. ಅದನ್ನು ದಾಟಿ ಹಳಿ ಹಾಕಿದರು. 1885ರಲ್ಲಿ ಮೊದಲ ಭಾಗದಲ್ಲಿ ರೈಲು ಓಡಿತು. ನಾಲ್ಕು ವರ್ಷದಲ್ಲಿ ಲಕ್ಸೆಂಬರ್ಗ್ ಮುಟ್ಟಿತು.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ರೈಲು ದಾರಿ ಸೈಕಲ್ಲಿಗೆ ಅಷ್ಟು ಚೆನ್ನಾಗಿ ಹೊಂದುವುದು ಯಾಕೆ ಅಂತ. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾಸ್ತಿ ಹತ್ತಲಾರದು, ಜಾರುತ್ತದೆ. ಅದರಲ್ಲೂ ಅದಿರು ತುಂಬಿದ ಗಾಡಿ. ಹಾಗಾಗಿ ಎಂಜಿನಿಯರುಗಳು ಗುಡ್ಡ ಬಂದರೆ ಕೊರೆದರು, ಹಳ್ಳ ಬಂದರೆ ಸೇತುವೆ ಕಟ್ಟಿದರು, ಎರಡೂ ಆಗದಿದ್ದರೆ ದೂರ ಸುತ್ತಿ ಬಂದರು. ಫೆನ್‌ಬಾನ್‌ನಲ್ಲಿ ಏರು ಹೆಚ್ಚು ಕಡಿಮೆ ನೂರಕ್ಕೆ ಎರಡರ ಒಳಗೇ ಇದೆ. ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ.

ಸಾಮಾನ್ಯ ಮನುಷ್ಯ ಗಂಟೆಗಟ್ಟಲೆ ದಣಿಯದೆ ತುಳಿಯಬಲ್ಲದ್ದು 75ರಿಂದ 100 ವ್ಯಾಟ್. ನೀವು, ಸೈಕಲ್ಲು, ಬಟ್ಟೆಬರೆ ಎಲ್ಲ ಸೇರಿ 90 ಕಿಲೋ ಅಂತ ಇಟ್ಟುಕೊಳ್ಳಿ. ನೂರಕ್ಕೆ ಎರಡರ ಏರನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ತೂಕ ಎತ್ತುವುದಕ್ಕೆ ಬೇಕಾಗುವುದು ಸುಮಾರು 50 ವ್ಯಾಟ್. ಗಾಳಿಗೆ, ಟಯರಿಗೆ ಇನ್ನೊಂದಿಷ್ಟು. ಅಷ್ಟೇ. ಅದೇ ಏರು ನೂರಕ್ಕೆ ಎಂಟಾದರೆ 200 ವ್ಯಾಟ್ ಬೇಕು. ಮೊದಲನೆಯದನ್ನು ನನ್ನ ಅಮ್ಮ ತುಳಿಯುತ್ತಾಳೆ. ಎರಡನೆಯದಕ್ಕೆ ಅಭ್ಯಾಸ ಇರುವ ಗಟ್ಟಿ ಕಾಲು ಬೇಕು. ಆಖೆನ್‌ನಿಂದ ಫೆನ್ ಬಯಲಿನ ತುದಿಗೆ ನೀವು ಮುನ್ನೂರು ಮೀಟರಿಗೂ ಮೇಲೆ ಹತ್ತಿರುತ್ತೀರಿ. ಮೈಸೂರಿನಿಂದ ಚಾಮುಂಡಿ ಬೆಟ್ಟ ಹತ್ತಿದಷ್ಟು. ಆದರೆ ಹತ್ತಿದ್ದು ಗೊತ್ತಾಗುವುದಿಲ್ಲ. ಬಿಸಿಲು ಸ್ವಲ್ಪ ತಂಪಾಯಿತಲ್ಲ, ಮರದ ಜಾತಿ ಬದಲಾಯಿತಲ್ಲ ಅಂತ ಅನ್ನಿಸಿದಾಗ ಮಾತ್ರ ಗೊತ್ತಾಗುತ್ತದೆ.

ನಾನು ಹೊರಟದ್ದು ಜೂನ್ ತಿಂಗಳಲ್ಲಿ, ಒಬ್ಬಳೇ. ಮೂರು ದಿನದ ಲೆಕ್ಕ. ಕ್ಯಾರಿಯರಿನ ಎರಡು ಕಡೆ ತೂಗುಹಾಕುವ ಚೀಲ, ಎರಡು ಜೊತೆ ಬಟ್ಟೆ, ಒಂದು ಟ್ಯೂಬು, ಪಂಪು, ಅವಲಕ್ಕಿ, ಉಪ್ಪಿನಕಾಯಿ. ಒಬ್ಬಳೇ ಹೋಗುವುದರ ಬಗ್ಗೆ ಅಮ್ಮನಿಗೆ ಭಯ ಇತ್ತು. ಫೋನಿನಲ್ಲಿ ವಿಡಿಯೋ ತೋರಿಸಿದೆ. ಎದುರಿಗೆ ಮುದುಕ ಮುದುಕಿ ಇಬ್ಬರು ಸೈಕಲ್ಲಿನಲ್ಲಿ ಬಂದರು. ಅವರ ಹಿಂದೆ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಓಡುತ್ತಿದ್ದ ಒಬ್ಬ ತಾಯಿ. ಅದನ್ನು ನೋಡಿದ ಮೇಲೆ ಅಮ್ಮ "ಸರಿ, ಊಟ ಬಿಡಬೇಡ" ಅಂದಳು. ಕಾರಿಲ್ಲದ ದಾರಿಗೆ ಯಾರು ಯಾರು ಬರುತ್ತಾರೆ ಎಂಬುದೇ ಒಂದು ಧೈರ್ಯ. ಮಕ್ಕಳು, ವಯಸ್ಸಾದವರು, ಗಾಲಿಕುರ್ಚಿಯವರು ಓಡಾಡುವ ಜಾಗದಲ್ಲಿ ಒಂಟಿ ಹೆಣ್ಣಿಗೆ ಭಯ ತಾನಾಗಿ ಕಡಿಮೆಯಾಗುತ್ತದೆ.

ಕೊರ್ನೆಲಿಮ್ಯುನ್‌ಸ್ಟರ್ ಎಂಬ ಹಳೆಯ ಊರಿನ ಹತ್ತಿರ ಕಣಿವೆಯ ಮೇಲೆ ಕಲ್ಲಿನ ಕಮಾನು ಸೇತುವೆ ಬರುತ್ತದೆ. ಮೇಲೆ ನಿಂತು ನೋಡಿದರೆ ಕೆಳಗೆ ಹಸು ಮೇಯುತ್ತಿರುತ್ತವೆ. ವಾಲ್‌ಹೈಮ್ ದಾಟಿ ಮುಂದೆ ಹೋದರೆ ಹುಲ್ಲಿನ ನಡುವೆ ಸಾಲು ಸಾಲು ಕಾಂಕ್ರೀಟು ಗೂಟಗಳು. ಹಿಟ್ಲರನ ಕಾಲದಲ್ಲಿ ಟ್ಯಾಂಕುಗಳನ್ನು ತಡೆಯಲು ನೆಟ್ಟವು. ಈಗ ಪಾಚಿ ಹಿಡಿದಿವೆ. ಅಲ್ಲಿಂದ ಸ್ವಲ್ಪ ಮುಂದಿನ ರೋಟ್‌ಗೆನ್ ಎಂಬ ಊರು 1944ರ ಸೆಪ್ಟೆಂಬರ್ 12ರಂದು ಅಮೆರಿಕದ ಸೈನ್ಯದ ಕೈಗೆ ಬಂತು. ಜರ್ಮನಿಯಲ್ಲಿ ಅವರು ಹಿಡಿದ ಮೊದಲ ಪಟ್ಟಣ ಅದು.

ಆದರೆ ಫೆನ್‌ಬಾನ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಡಿಯ ಕಥೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ವರ್ಸೇಲ್ಸ್ ಒಪ್ಪಂದದ ಪ್ರಕಾರ ಈ ಸೀಮೆಯ ಓಯ್ಪೆನ್ ಮತ್ತು ಮಾಲ್ಮೆಡಿ ಪ್ರದೇಶ ಬೆಲ್ಜಿಯಂಗೆ ಹೋಯಿತು. ರೈಲು ಆ ಊರುಗಳಿಗೆ ಜೀವನಾಡಿ. ರೈಲು ದಾರಿ ಮಾತ್ರ ಹಾವಿನ ಹಾಗೆ ಸುತ್ತಿಕೊಂಡು ಜರ್ಮನಿಯ ನೆಲದ ಒಳಗೂ ಹೋಗಿ ಬರುತ್ತಿತ್ತು. ಏನು ಮಾಡಿದರು? ಹಳಿ ಮತ್ತು ಹಳಿಯ ಕೆಳಗಿನ ಪಟ್ಟಿ ನೆಲವನ್ನು ಪೂರ್ತಿ ಬೆಲ್ಜಿಯಂಗೆ ಕೊಟ್ಟರು. ಹಾಗಾಗಿ ಕೆಲವು ಕಡೆ ಸೈಕಲ್ ಮೇಲೆ ಕೂತವರ ಎಡಕ್ಕೂ ಜರ್ಮನಿ, ಬಲಕ್ಕೂ ಜರ್ಮನಿ, ಚಕ್ರದ ಕೆಳಗೆ ಮಾತ್ರ ಬೆಲ್ಜಿಯಂ. ಹಳಿಯ ಪಶ್ಚಿಮಕ್ಕೆ ಸಿಕ್ಕಿಕೊಂಡ ಜರ್ಮನಿಯ ತುಂಡುಗಳು ದ್ವೀಪಗಳಾದವು. ಈಗಲೂ ಅಂಥ ಐದು ತುಂಡುಗಳಿವೆ. ಅವುಗಳಲ್ಲಿ ಅತಿ ಚಿಕ್ಕದು ರ್ಯುಕ್‌ಶ್ಲಾಗ್, ಒಂದು ಮನೆ ಮತ್ತು ಅದರ ಹಿತ್ತಲಿನಷ್ಟು ಜಾಗ. ನಮ್ಮ ಕೂಚ್ ಬಿಹಾರದ ಗಡಿಯಲ್ಲೂ ಇಂಥ ತುಂಡುಗಳು ನೂರಾರು ಇದ್ದವು. ಭಾರತ, ಬಾಂಗ್ಲಾದೇಶ 2015ರಲ್ಲಿ ಅವುಗಳನ್ನು ಅದಲು ಬದಲು ಮಾಡಿಕೊಂಡವು. ಫೆನ್‌ಬಾನ್‌ನಲ್ಲಿ ಹಾಗೆ ಆಗಲಿಲ್ಲ. ರೈಲು ನಿಂತಿತು, ಬಹುಪಾಲು ಹಳಿಯನ್ನೂ ಕಿತ್ತರು. ಆ ಪಟ್ಟಿ ನೆಲ ಇವತ್ತಿಗೂ ಬೆಲ್ಜಿಯಂದೇ.

ಎರಡನೇ ಮಹಾಯುದ್ಧ ಆದಮೇಲೆ ಈ ಗಡಿಯಲ್ಲಿ ಕಾಫಿ ಕಳ್ಳಸಾಗಣೆ ನಡೆಯಿತು. ಕೊಡಗು, ಚಿಕ್ಕಮಗಳೂರಿನ ಪಕ್ಕದವರಾದ ನಮಗೆ ಇದು ಕೇಳಲೇಬೇಕಾದ ಕಥೆ. ಜರ್ಮನಿ ಕಾಫಿಗೆ ವಿಪರೀತ ತೆರಿಗೆ ಹಾಕಿತ್ತು. ಬೆಲ್ಜಿಯಂನಲ್ಲಿ ಅಗ್ಗ. ಬಾಂಬು ಬಿದ್ದು ಮನೆ ಕಳೆದುಕೊಂಡಿದ್ದ ಬಡವರು ರಾತ್ರಿ ಕಾಡಿನಲ್ಲಿ ಬೀಜ ಹೊತ್ತು ತಂದರು. ಮಕ್ಕಳೂ ಹೊತ್ತರು. ಆಮೇಲೆ ದೊಡ್ಡ ತಂಡಗಳು ಕಾರು ತಂದವು. ಬೆನ್ನಟ್ಟುವ ಸುಂಕದವರ ಟಯರು ಹೋಗಲಿ ಅಂತ ರಸ್ತೆಗೆ ಮೊನಚಾದ ಕಬ್ಬಿಣದ ಮುಳ್ಳು ಎರಚುತ್ತಿದ್ದರು. ಸುಂಕದವರು ತಮ್ಮ ಪೋರ್ಷೆ ಕಾರಿನ ಮುಂದೆ ಪೊರಕೆ ಕಟ್ಟಿ ಗುಡಿಸಿಕೊಂಡು ಬೆನ್ನಟ್ಟಿದರು. 1953ರಲ್ಲಿ ತೆರಿಗೆ ಇಳಿಸಿದ ಮೇಲೆ ಆ ದಂಧೆ ಕುಗ್ಗಿತು. ಇವತ್ತು ಅದೇ ಗಡಿಯನ್ನು ನೀವು ಗಂಟೆಗೆ ಎರಡು ಸಲ ದಾಟುತ್ತೀರಿ. ನಾನು ಹೋದಾಗ ಕೇಳುವವರೇ ಇರಲಿಲ್ಲ. ಒಂದು ಗಡಿ ಕಲ್ಲು ಮಾತ್ರ ಹುಲ್ಲಿನಲ್ಲಿ ಕಾಣುತ್ತದೆ.

ಮೊದಲ ರಾತ್ರಿ ಮೊನ್‌ಶೌನಲ್ಲಿ ತಂಗಿದೆ. ಮರದ ಚೌಕಟ್ಟಿನ ಮನೆಗಳು, ನಡುವೆ ಹರಿಯುವ ಹೊಳೆ. ಊರು ಕಣಿವೆಯ ತಳದಲ್ಲಿದೆ, ರೈಲು ದಾರಿ ಮೇಲೆ. ಸಂಜೆ ಸರ್ರನೆ ಇಳಿದುಬಿಟ್ಟೆ. ಬೆಳಗ್ಗೆ ಅದೇ ರಸ್ತೆಯನ್ನು ಸೈಕಲ್ ತಳ್ಳಿಕೊಂಡು ಹತ್ತಬೇಕಾಯಿತು. ಎದೆ ಬಾಯಿಗೆ ಬಂತು. ಮತ್ತೆ ಹಳೇ ಹಳಿಯ ದಾರಿ ಸಿಕ್ಕಾಗ ಕಾಲಿಗೆ ಆದ ಸಮಾಧಾನವನ್ನು ನಾನು ಮರೆಯಲಾರೆ. ನೂರಕ್ಕೆ ಎರಡು, ನೂರಕ್ಕೆ ಎಂಟು ಅಂತ ಆಗ ಹೇಳಿದೆನಲ್ಲ, ಅದು ನನಗೆ ತಿಳಿದದ್ದು ಆ ಬೆಳಗ್ಗೆ.

ಕಾಲ್ಟರ್‌ಹೆರ್ಬೆರ್ಗ್ ದಾಟಿ ಸೂರ್‌ಬ್ರೊಟ್ ಕಡೆ ಹೋಗುವಾಗ ಸೈಕಲ್ ದಾರಿಯ ಪಕ್ಕದಲ್ಲಿ ಹಳಿ ಇನ್ನೂ ಉಳಿದಿದೆ. ಅದರ ಮೇಲೆ ಪೆಡಲ್ ತುಳಿದು ಓಡಿಸುವ ಟ್ರಾಲಿಗಳನ್ನು ಬಿಟ್ಟಿದ್ದಾರೆ. ಸುತ್ತ ಫೆನ್ ಬಯಲು, ಕಪ್ಪು ನೀರು, ಬಿಳಿ ಹತ್ತಿಯಂಥ ಹೂ ಬಿಡುವ ಹುಲ್ಲು. ಬೆಲ್ಜಿಯಂ ದೇಶದ ಅತಿ ಎತ್ತರದ ಜಾಗ ಬೋಟ್ರಾಂಜ್ ಇದೇ ಸೀಮೆಯಲ್ಲಿದೆ, 694 ಮೀಟರ್. ಅಲ್ಲಿ ನನಗೆ ಮಳೆ ಹಿಡಿಯಿತು. ಅರ್ಧ ಗಂಟೆ ಒಂದು ಹಳೇ ನಿಲ್ದಾಣದ ಚಾವಣಿಯ ಕೆಳಗೆ ನಿಂತೆ. ನನ್ನ ಜೊತೆ ನಿಂತಿದ್ದ ಒಬ್ಬ ಅಜ್ಜ ತಾನು ಹುಡುಗನಾಗಿದ್ದಾಗ ಇದೇ ದಾರಿಯಲ್ಲಿ ರೈಲು ನೋಡಿದ್ದನ್ನು ಹೇಳಿದರು. ಬೆಲ್ಜಿಯಂನ ಈ ಗಡಿಸೀಮೆಯ ಎಷ್ಟೋ ಊರುಗಳಲ್ಲಿ ಜನ ಆಡುವುದು ಜರ್ಮನ್. ಅದು ಆ ದೇಶದ ಮೂರು ಅಧಿಕೃತ ಭಾಷೆಗಳಲ್ಲಿ ಒಂದು. ಅದೇ ಸೀಮೆಯ ವೇಮ್ ಎಂಬ ಊರಿಗೆ ಹೋದರೆ ಫ್ರೆಂಚ್. ಗಡಿನಾಡಿನ ಊರುಗಳು ನಮಗೆ ಹೊಸದಲ್ಲವಲ್ಲ. ಅಜ್ಜನ ಮಾತು ಕೇಳುತ್ತಾ ನನಗೆ ಕಾಸರಗೋಡು, ಬೆಳಗಾವಿ ನೆನಪಾದವು.

ಎರಡನೇ ರಾತ್ರಿ ಸಾಂಕ್ಟ್ ಫೀಟ್. 1944ರ ಕ್ರಿಸ್‌ಮಸ್ ಸಮಯದಲ್ಲಿ ಬಾಂಬಿನ ದಾಳಿಗೆ ಈ ಊರು ಹೆಚ್ಚು ಕಡಿಮೆ ಪೂರ್ತಿ ನೆಲಸಮವಾಯಿತು. ಬ್ಯೂಷೆಲ್ ಗೋಪುರ ಎಂಬ ಒಂದು ಹಳೆಯ ಕಲ್ಲಿನ ಗೋಪುರ ಉಳಿದಿದೆ. ಮೂರನೇ ದಿನ ಕಾಡಿನ ನಡುವೆ ಹೊಳೆ ಪಕ್ಕದ ದಾರಿ. ಲಕ್ಸೆಂಬರ್ಗ್ ಹತ್ತಿರ ಬಂದಾಗ ಒಂದು ಉದ್ದದ ಸುರಂಗ ಇದೆ. ಅದನ್ನು ಸೈಕಲ್ಲಿಗೆ ತೆರೆದಿಲ್ಲ, ಬಾವಲಿಗಳಿಗೆ ಬಿಟ್ಟಿದ್ದಾರೆ. ನಾವು ಗುಡ್ಡ ಹತ್ತಿ ಇಳಿಯಬೇಕು. ಹತ್ತುವಾಗ ಕಷ್ಟ ಆಯಿತು. ಆದರೂ ಆ ತೀರ್ಮಾನ ನನಗೆ ಸರಿ ಅನ್ನಿಸಿತು. ತ್ರುವಾವಿಯೆರ್ಜ್ ನಿಲ್ದಾಣದಲ್ಲಿ ಸೈಕಲ್ ಸಮೇತ ರೈಲು ಹತ್ತಿದೆ. 2020ರಿಂದ ಲಕ್ಸೆಂಬರ್ಗ್ ದೇಶದ ಒಳಗೆ ರೈಲು, ಬಸ್ಸು, ಟ್ರಾಮು ಎಲ್ಲರಿಗೂ ಉಚಿತ.

ಇನ್ನು ನಾನು ನಿಮ್ಮ ಮುಂದೆ ಇಡಬೇಕು ಅಂತ ಬಂದ ಮಾತು.

ಫೆನ್‌ಬಾನ್‌ನಲ್ಲಿ ಮಾಮೂಲಿ ರೈಲುಗಳು 1989ರಲ್ಲಿ ನಿಂತವು. ಆಮೇಲೆ 2001ರವರೆಗೆ ಪ್ರವಾಸಿಗರ ರೈಲು ಓಡಿತು. ಅದೂ ನಿಂತಿತು. ಸೈಕಲ್ ದಾರಿ ಪೂರ್ತಿಯಾಗಿ ತೆರೆದದ್ದು 2013ರಲ್ಲಿ. ನಡುವಿನ ಆ ವರ್ಷಗಳಲ್ಲಿ ಹಳಿಯ ಮೇಲೆ ಮುಳ್ಳು ಬೆಳೆಯಿತು, ಜಾಲಿಯಂಥ ಗಿಡ ಎದ್ದಿತು. ಆದರೆ ನೆಲ ತುಂಡಾಗಲಿಲ್ಲ. ಯಾರಿಗೂ ಮಾರಲಿಲ್ಲ, ಯಾರೂ ಸೈಟು ಮಾಡಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಪಟ್ಟಿಯಾಗಿ ಉಳಿಯಿತು. ಟಾರು ಹಾಕುವುದು ಕೊನೆಯ ಕೆಲಸ, ಸುಲಭದ ಕೆಲಸ. ನೆಲವನ್ನು ಇಡಿಯಾಗಿ ಉಳಿಸಿಕೊಳ್ಳುವುದೇ ನಿಜವಾದ ಕೆಲಸ. ಬೆಲ್ಜಿಯಂನ ವಾಲೋನಿಯಾ ಪ್ರಾಂತ್ಯ 1995ರಲ್ಲಿ ರಾವೆಲ್ ಎಂಬ ಜಾಲ ಶುರು ಮಾಡಿತು. ರೈಲು ನಿಂತ ದಾರಿಗಳನ್ನು ಪ್ರಾಂತ್ಯವೇ 99 ವರ್ಷದ ಗುತ್ತಿಗೆಗೆ ತೆಗೆದುಕೊಂಡಿತು. ನಾಳೆ ರೈಲು ಮತ್ತೆ ಬೇಕಾದರೂ ದಾರಿ ಇದೆ. ಅಲ್ಲಿಯವರೆಗೆ ಸೈಕಲ್, ಕುದುರೆ, ಕಾಲ್ನಡಿಗೆ.

ಅಮೆರಿಕದಲ್ಲೂ ಇದೇ ತಿಳಿವಳಿಕೆ ಕಾನೂನಾಯಿತು. ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್‌ರಾಯ್‌ನಿಂದ ಸ್ಪಾರ್ಟಾ ಊರಿಗೆ ಹೋಗುವ ಹಳೇ ರೈಲು ದಾರಿಯನ್ನು 1967ರಷ್ಟು ಹಿಂದೆಯೇ ಸೈಕಲ್ಲಿಗೆ ತೆರೆದರು. 1983ರಲ್ಲಿ ಒಂದು ಕಾನೂನು ಬಂತು. ರೈಲು ನಿಂತರೂ ದಾರಿಯ ಹಕ್ಕು ಮುಗಿಯಿತು ಅಂತ ಅಲ್ಲ, ಮುಂದೆ ಬೇಕಾಗಬಹುದು ಅಂತ ಅದನ್ನು ಕಾದಿರಿಸಿ, ಈಗ ಜನರ ಓಡಾಟಕ್ಕೆ ಕೊಡಬಹುದು ಅಂತ. ಮಿಸೌರಿ ರಾಜ್ಯದ ಕೇಟಿ ಎಂಬ ಹಳೇ ರೈಲು ದಾರಿ ಉಳಿದದ್ದು ಹಾಗೆ.

ಇಂಗ್ಲೆಂಡಿನಲ್ಲಿ ಬೇರೆ ಥರ ಆಯಿತು. ನಷ್ಟದ ರೈಲು ದಾರಿಗಳನ್ನು ಮುಚ್ಚಿ ಅಂತ ಹೇಳಿದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ರೈಲು ದಾರಿ ಮುಚ್ಚಿದರು. ನೆಲವನ್ನು ತುಂಡು ತುಂಡಾಗಿ ಮಾರಿದರು. ಸೇತುವೆ ಕೆಡವಿದರು. ಬ್ರಿಸ್ಟಲ್ ಮತ್ತು ಬಾತ್ ನಡುವಿನ ಹಳೇ ದಾರಿಯನ್ನು 1979ರಿಂದ ಊರ ಜನ ತಾವೇ ಸಲಿಕೆ ಹಿಡಿದು ಸೈಕಲ್ ದಾರಿ ಮಾಡತೊಡಗಿದರು. ಆ ಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಎಷ್ಟೋ ಕಡೆ ಅಲ್ಲಿನವರು ಇವತ್ತಿಗೂ ಒಂದು ತುಂಡಿನಿಂದ ಇನ್ನೊಂದು ತುಂಡಿಗೆ ಹೋಗಲು ದೊಡ್ಡ ರಸ್ತೆಗೆ ಇಳಿಯಲೇಬೇಕು. ಹತ್ತು ಕಿಲೋಮೀಟರ್ ನೆಮ್ಮದಿಯ ದಾರಿ ಇದ್ದು, ನಡುವೆ ಅರ್ಧ ಕಿಲೋಮೀಟರ್ ಹೆದ್ದಾರಿ ಇದ್ದರೆ, ಅಪ್ಪ ಅಮ್ಮ ಮಗುವನ್ನು ಕಳಿಸುವುದಿಲ್ಲ. ಆ ಅರ್ಧ ಕಿಲೋಮೀಟರೇ ಇಡೀ ದಾರಿಯನ್ನು ತೀರ್ಮಾನಿಸುತ್ತದೆ.

ಹಾಗಾದರೆ ನಮ್ಮಲ್ಲಿ ಒಂದೇ ಕೈಯಲ್ಲಿ, ತುಂಡಾಗದೆ, ಊರಿಂದ ಊರಿಗೆ ಹೋಗುವ ನೆಲ ಯಾವುದಿದೆ? ರೈಲು ದಾರಿಗಳಲ್ಲಿ ನಮ್ಮ ರೈಲುಗಳು ಓಡುತ್ತಿವೆ, ಓಡಲಿ. ನಮ್ಮಲ್ಲಿರುವುದು ನಾಲೆ. ರೈಲು ಕಷ್ಟಪಟ್ಟು ಹತ್ತುತ್ತದೆ, ನೀರು ಹತ್ತುವುದೇ ಇಲ್ಲ. ದೊಡ್ಡ ನಾಲೆಗಳು ಸಾಮಾನ್ಯವಾಗಿ ಕಿಲೋಮೀಟರಿಗೆ ಮೊಣಕಾಲೆತ್ತರದಷ್ಟೂ ಇಳಿಯುವುದಿಲ್ಲ. ಗುಡ್ಡದ ಸೊಂಟ ಬಳಸಿಕೊಂಡು ಮಟ್ಟ ಕಾಯ್ದುಕೊಂಡು ಹೋಗುತ್ತವೆ. ಅದರ ಏರಿಯ ಮೇಲೆ ನಾಲೆ ನೋಡಿಕೊಳ್ಳುವವರ ಓಡಾಟಕ್ಕೆ ಅಂತ ಒಂದು ದಾರಿ ಇದ್ದೇ ಇರುತ್ತದೆ. ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆ ಸುರಂಗದಲ್ಲಿ ನುಗ್ಗಿ ಬರುವ ನಮ್ಮ ವಿಶ್ವೇಶ್ವರಯ್ಯ ನಾಲೆ ನೋಡಿ. ಮೊದಲು ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರು. ಮುನಿರಾಬಾದಿನಿಂದ ಕೊಪ್ಪಳ, ರಾಯಚೂರು ಸೀಮೆಗೆ ಹೋಗುವ ತುಂಗಭದ್ರಾ ಎಡದಂಡೆ ನಾಲೆ ಇನ್ನೂರು ಕಿಲೋಮೀಟರಿಗೂ ಉದ್ದ. ಫೆನ್‌ಬಾನ್‌ಗಿಂತ ಉದ್ದ!

ನಾಲೆ ಏರಿ ರೈಲು ದಾರಿಯಷ್ಟು ನಿರಪಾಯ ಅಂತ ನಾನು ಹೇಳುತ್ತಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು ಮೂವತ್ತು ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಅದರಲ್ಲಿದ್ದರು. ಇಲ್ಲಿ ಕೂತಿರುವವರಲ್ಲಿ ಆ ದಿನ ಅಲ್ಲಿಗೆ ಓಡಿದವರೂ ಇರಬಹುದು. ನೀರಿನ ಪಕ್ಕದ ದಾರಿಗೆ ತಡೆ ಬೇಕೇ ಬೇಕು. ಮತ್ತು ಆ ಸಣ್ಣ ದಾರಿಯಲ್ಲಿ ದೊಡ್ಡ ಗಾಡಿಗಳು ವೇಗವಾಗಿ ಓಡಬಾರದು. ಸೈಕಲ್ಲಿನವರು ಬೇಕು ಅನ್ನುವುದೂ ಅದನ್ನೇ. ಊರವರ ಬೇಡಿಕೆ, ಸೈಕಲ್ಲಿನವರ ಬೇಡಿಕೆ ಎರಡೂ ಒಂದೇ.

ಊರಿಗೆ ಏನು ಸಿಗುತ್ತದೆ ಅಂತ ಕೆಲವರು ಕೇಳುತ್ತಾರೆ. ಸೈಕಲ್ಲಿನವರು ನಿಧಾನ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್. ಹಾಗಾಗಿ ಪ್ರತಿ ಹತ್ತು ಹದಿನೈದು ಕಿಲೋಮೀಟರಿಗೆ ನಿಲ್ಲುತ್ತಾರೆ, ತಿನ್ನುತ್ತಾರೆ, ಸಂಜೆ ಮಲಗುತ್ತಾರೆ. ನ್ಯೂಜಿಲೆಂಡಿನ ಒಟಾಗೋದಲ್ಲಿ 1990ರಲ್ಲಿ ರೈಲು ನಿಂತಿತು. 152 ಕಿಲೋಮೀಟರ್ ದಾರಿಯನ್ನು 2000ದಲ್ಲಿ ಸೈಕಲ್ಲಿಗೆ ಪೂರ್ತಿ ತೆರೆದರು. ಸೊರಗಿದ್ದ ಸಣ್ಣ ಊರುಗಳಲ್ಲಿ ಮತ್ತೆ ಅಂಗಡಿ, ವಸತಿ ತೆರೆದವು. ಜರ್ಮನಿಯಲ್ಲಿ ಸೈಕಲ್ ಪ್ರವಾಸಿಗಳಿಗೆ ಒಗ್ಗುವ ಮನೆಗಳಿಗೆ ಒಂದು ಫಲಕ ಕೊಡುತ್ತಾರೆ. ಅದಕ್ಕೆ ಬೇಕಾದದ್ದು ಐಷಾರಾಮ ಅಲ್ಲ. ಒಂದೇ ರಾತ್ರಿಗಾದರೂ ಜಾಗ ಕೊಡಬೇಕು. ಸೈಕಲ್ಲಿಗೆ ಬೀಗ ಹಾಕುವ ಕೊಟ್ಟಿಗೆ ಇರಬೇಕು. ಒದ್ದೆ ಬಟ್ಟೆ ಒಣಗಿಸಲು ಜಾಗ, ಪಂಕ್ಚರ್ ಸಾಮಾನು, ಹೊಟ್ಟೆ ತುಂಬ ಬೆಳಗಿನ ತಿಂಡಿ. ಇಷ್ಟರಲ್ಲಿ ನಮ್ಮ ಹಳ್ಳಿಯ ಯಾವ ತೊಟ್ಟಿಮನೆಯಲ್ಲಿ ಯಾವುದು ಇಲ್ಲ ಹೇಳಿ? ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿದರೆ ಬಂದವರು ಮತ್ತೆ ಬರುತ್ತಾರೆ.

ದಾರಿ ತೋರಿಸುವುದಕ್ಕೂ ಅಲ್ಲಿ ಒಂದು ಸರಳ ಉಪಾಯ ಇದೆ. ಬೆಲ್ಜಿಯಂನ ಲಿಂಬುರ್ಗ್‌ನಲ್ಲಿ ಹ್ಯೂಗೋ ಬೊಲೆನ್ ಎಂಬ ಗಣಿ ಎಂಜಿನಿಯರ್ ಇದ್ದರು. ಎರಡು ಸೈಕಲ್ ದಾರಿ ಕೂಡುವಲ್ಲೆಲ್ಲ ಒಂದು ನಂಬರು ಹಾಕಿದರೆ ಸಾಕು ಅಂದರು. 1995ರಲ್ಲಿ ಅದು ಜಾರಿಗೆ ಬಂತು, ಆಮೇಲೆ ನೆದರ್‌ಲ್ಯಾಂಡ್ಸ್, ಜರ್ಮನಿಗೂ ಹಬ್ಬಿತು. 12, 47, 9 ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಆಯಿತು. ಭಾಷೆ ಬರಬೇಕಾಗಿಲ್ಲ, ಫೋನ್ ಬೇಕಾಗಿಲ್ಲ. ನಮ್ಮ ನಾಲೆಗಳಲ್ಲಿ ತೂಬುಗಳು ಇದ್ದೇ ಇವೆ. ಆ ತೂಬುಗಳಿಗೇ ಸೈಕಲ್ಲಿನವರ ಕಣ್ಣಿಗೆ ಕಾಣುವ ಹಾಗೆ ದೊಡ್ಡ ನಂಬರು ಹಾಕಿದರೆ ನಮ್ಮ ದಾರಿಯೂ ತಯಾರು.

ಮಾತು ಮುಗಿಸುವಾಗ ಮುಂದೆ ಕೂತಿದ್ದ ಒಬ್ಬ ಯಜಮಾನರು ಎದ್ದು ಕೇಳಿದರು. "ಅಲ್ಲ ಕಣವ್ವ, ಗಾಡಿ ಬರಬ್ಯಾಡ, ಸೈಕಲ್ ಮಾತ್ರ ಬರಲಿ ಅಂತೀಯ. ನಮ್ಮ ಗದ್ದೆಗೆ ಗೊಬ್ಬರ ಹೆಂಗೆ ಹೊಡೀಬೇಕು? ಕಬ್ಬು ಹೆಂಗೆ ಸಾಗಿಸಬೇಕು?"

ಕೇಳಬೇಕಾದ ಪ್ರಶ್ನೆಯೇ ಅದು. ನಾನು ಹೇಳಿದ್ದು ಇಷ್ಟು. "ಯಜಮಾನ್ರೇ, ಏರಿ ಮೊದಲು ನಿಮ್ಮದು. ಜರ್ಮನಿಯ ಹಳ್ಳಿ ದಾರಿಗಳಲ್ಲಿ ಒಂದು ಬೋರ್ಡು ಇರುತ್ತದೆ. ಮೋಟಾರು ವಾಹನಕ್ಕೆ ಪ್ರವೇಶ ಇಲ್ಲ ಅಂತ. ಅದರ ಕೆಳಗೆ ಇನ್ನೊಂದು ಸಣ್ಣ ಬೋರ್ಡು, ಬೇಸಾಯದ ಗಾಡಿಗೆ ಅಡ್ಡಿಯಿಲ್ಲ ಅಂತ. ರೈತನ ಟ್ರ್ಯಾಕ್ಟರು ಬಂದರೆ ನಾನು ಎಷ್ಟೋ ಸಲ ಸೈಕಲ್ ಇಳಿದು ಹುಲ್ಲಿನಲ್ಲಿ ನಿಂತಿದ್ದೇನೆ. ಅವರು ಕೈ ಎತ್ತಿ ಹೋಗುತ್ತಾರೆ. ಬೇಡ ಅನ್ನುವುದು ನಿಮ್ಮ ಗಾಡಿಯನ್ನಲ್ಲ. ಎಲ್ಲಿಂದಲೋ ಎಲ್ಲಿಗೋ ಹೋಗಲು ಹೆದ್ದಾರಿ ತಪ್ಪಿಸಿಕೊಂಡು ಏರಿ ಮೇಲೆ ನುಗ್ಗುತ್ತಾರಲ್ಲ, ಅವರನ್ನು."

ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, "ಮರಳು ಲಾರಿ ಓಡಿ ಓಡಿ ನಮ್ಮ ತೂಬಿನ ಹತ್ರ ಏರಿನೇ ಕುಸಿದೋಗದೆ. ಬಂದ್ರೆ ತೋರಿಸ್ತೀನಿ" ಅಂದರು.

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ನಾವು ಹೊರಡುತ್ತಿದ್ದೇವೆ. ಯಾವ ಸೈಕಲ್ ಆದರೂ ಸರಿ, ಗೇರ್ ಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು ತನ್ನಿ. ಏರಿಗೆ ಅಡ್ಡ ಬರುವ ಪ್ರತಿ ರಸ್ತೆಯನ್ನೂ, ಏರಿ ಕುಸಿದ ಪ್ರತಿ ಜಾಗವನ್ನೂ, ನೆರಳು ಮತ್ತು ಕುಡಿಯುವ ನೀರು ಇರುವ ಕಡೆಗಳನ್ನೂ ಬರೆದುಕೊಳ್ಳೋಣ. ಮೊದಲು ನಿಲ್ಲುವುದು ಯಜಮಾನರ ತೂಬಿನ ಹತ್ತಿರ.